ಊರು ಬಿಟ್ಟ ಬಂದೂಕು



ನಮ್ಮ ಹಾವೇರಿ ಜಿಲ್ಲೆಯಲ್ಲಿ ದತ್ತಿ ಉಪನ್ಯಾಸ ಎಂದರೆ ವಿಷಯಕ್ಕೆ ಬರವಿಲ್ಲ. ಬಾಡದ ಕನಕದಾಸರಿದ್ದಾರೆ, ಶಿಶುನಾಳದ ಶರೀಫರಿದ್ದಾರೆ, ಸರ್ವಜ್ಞನಿದ್ದಾನೆ. ಅವರನ್ನೆಲ್ಲ ಬಿಟ್ಟು ಈತ ಬಂದೂಕಿನ ಮೇಲೆ ಮಾತಾಡುತ್ತೇನೆ ಅಂದನಲ್ಲ ಎಂದು ಆಹ್ವಾನ ಪತ್ರಿಕೆ ನೋಡಿದ ಕೆಲವರು ಹುಬ್ಬೇರಿಸಿದ್ದು ನನಗೆ ಗೊತ್ತಿದೆ. ದತ್ತಿಯ ಆಶಯ ಪತ್ರದಲ್ಲಿ 'ಈ ಸೀಮೆಯ ಜನಜೀವನಕ್ಕೆ ಸಂಬಂಧಿಸಿದ ಯಾವುದಾದರೂ ವಿಷಯ' ಎಂದಿದೆ. ಆ ಮಾತನ್ನು ಹಿಡಿದುಕೊಂಡೇ ಬಂದಿದ್ದೇನೆ.

ಕಂದಾಯ ಇಲಾಖೆಯ ನೌಕರಿಯಲ್ಲಿ ಹಲವು ವರ್ಷ ನನ್ನ ಮೇಜಿಗೆ ಬರುತ್ತಿದ್ದದ್ದು ಶಸ್ತ್ರ ಲೈಸನ್ಸಿನ ಕಡತಗಳು. ನಾನು ಬಂದೂಕು ಹಾರಿಸಿದವನಲ್ಲ, ಇಟ್ಟುಕೊಂಡವನೂ ಅಲ್ಲ. ಆದರೆ ಬಂದೂಕು ಇಟ್ಟುಕೊಂಡವರು ಊರು ಬಿಡುವಾಗ ಪಡುವ ಪಾಡನ್ನು ಹತ್ತಿರದಿಂದ ನೋಡಿದವ. ಮನೆಯ ಒನಕೆ, ಒರಳು, ಟ್ರಂಕು, ತಿಜೋರಿ ಎಲ್ಲ ಲಾರಿ ಹತ್ತುತ್ತವೆ. ಗೋಡೆಯ ಗೂಟಕ್ಕೆ ತೂಗುಹಾಕಿದ ಬಂದೂಕು ಮಾತ್ರ ಲಾರಿ ಹತ್ತುವ ಮೊದಲು ಕಚೇರಿಯ ಮೆಟ್ಟಿಲು ಹತ್ತಬೇಕು. ಯಾಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೆ ಸಿಕ್ಕ ಮಾತು ಇಷ್ಟು: ಲೈಸನ್ಸ್ ಎಂಬುದು ಬಂದೂಕಿಗೆ ಕೊಟ್ಟ ಪರವಾನಗಿಯಲ್ಲ, ಒಬ್ಬ ಮನುಷ್ಯನ ಮೇಲೆ ಅವನ ಊರು ಇಟ್ಟ ನಂಬಿಕೆಯ ಬರವಣಿಗೆ. ಬಂದೂಕು ಗಡಿ ದಾಟೀತು, ಆ ನಂಬಿಕೆ ದಾಟುವುದಿಲ್ಲ. ಆಚೆ ಹೋಗಿ ಅದನ್ನು ಮತ್ತೆ ಗಳಿಸಬೇಕು.

1. ಜಮಖಾನದ ಗಂಟು

ಒಂದು ಮಧ್ಯಾಹ್ನ. ಊಟದ ಹೊತ್ತು ಮುಗಿದು ಫ್ಯಾನಿನ ಕೆಳಗೆ ಎಲ್ಲರೂ ತೂಕಡಿಸುವ ಸಮಯ. ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯ ಹಿರಿಯರೊಬ್ಬರು ಬಂದು ನನ್ನ ಮೇಜಿನ ಮುಂದೆ ನಿಂತರು. ಬಿಳಿ ದೋತರ, ತಲೆಗೆ ರುಮಾಲು, ಎಪ್ಪತ್ತು ದಾಟಿದ ವಯಸ್ಸು. ಕಂಕುಳಲ್ಲಿ ನಾಲ್ಕಡಿ ಉದ್ದದ ಒಂದು ಜಮಖಾನದ ಸುರುಳಿ, ಎರಡೂ ತುದಿಗೆ ಹುರಿ ಕಟ್ಟಿತ್ತು. ಒಳಗೇನಿದೆ ಎಂದು ಹೇಳಬೇಕಾದ್ದೇ ಇರಲಿಲ್ಲ, ಆಕಾರವೇ ಹೇಳುತ್ತಿತ್ತು. ಬಂದೂಕನ್ನು ಹೀಗೆ ನೇರ ಕಚೇರಿಗೆ ತರಬಾರದು ಎಂದೆ. ಅವರು ಗಂಟನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಬನಿಯನ್ನಿನ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಲೈಸನ್ಸ್ ಬುಕ್ಕು ತೆಗೆದರು.

"ಸಾಹೇಬ್ರ, ಇದನ್ನ ಮಗಳ ಮನಿಗೆ ಒಯ್ಯಾಕ ಬರತೈತೇನ್ರಿ?"

"ಮಗಳ ಮನೆ ಎಲ್ಲಿ ಯಜಮಾನ್ರ?"

"ಅಮೆರಿಕದಾಗ್ರಿ."

ಪಕ್ಕದ ಮೇಜಿನವರು ಎಚ್ಚರಾಗಿ ನಕ್ಕರು. ಹಿರಿಯರು ನಗಲಿಲ್ಲ. ಅವರಿಗದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ಹೆಂಡತಿ ತೀರಿಕೊಂಡಿದ್ದರು. ಮಗಳು ಕಾಯಮ್ಮಾಗಿ ಬಂದಿರು ಅಂದಿದ್ದಳು. ಹಿರಿಮಗ ಊರಲ್ಲೇ ಒಕ್ಕಲುತನ ಮಾಡಿಕೊಂಡಿದ್ದ. ಅವರ ಅಪ್ಪನ ಕಾಲದಿಂದ ಬಂದ ಜೋಡಿ ನಳಿಗೆಯ 12 ಬೋರ್ ಬಂದೂಕು ಅದು.

ಆ ಲೈಸನ್ಸ್ ಬುಕ್ಕನ್ನು ತಿರುವಿ ನೋಡಿದೆ. ಅಂಗೈ ಅಗಲದ ಪುಸ್ತಕ. ರಟ್ಟಿನ ಮೂಲೆಗಳು ಸವೆದು ಬೆಳ್ಳಗಾಗಿದ್ದವು. ಮೊದಲ ಪುಟದ ಭಾವಚಿತ್ರದಲ್ಲಿ ಕಪ್ಪು ಮೀಸೆಯ ಯುವಕ. ಚಿತ್ರದ ಅರ್ಧ ಭಾಗಕ್ಕೆ ನೀಲಿ ಮೊಹರು ಹತ್ತಿ ಒಂದು ಕಣ್ಣು ಮುಚ್ಚಿತ್ತು. ಒಳಪುಟಗಳಲ್ಲಿ ಮೂರು ವರ್ಷಕ್ಕೊಮ್ಮೆ ನವೀಕರಣದ ಷರಾ, ಸಹಿ, ತಾರೀಖು. ನಡುನಡುವೆ ಚುನಾವಣೆಗಳಲ್ಲಿ ಠಾಣೆಗೆ ಜಮಾ ಮಾಡಿ ಬಿಡಿಸಿಕೊಂಡ ಗುರುತು. ಕಾಡತೂಸು ಕೊಂಡ ಲೆಕ್ಕದ ಪುಟ ಮಾತ್ರ ಬಹುಪಾಲು ಖಾಲಿ. ಹದಿನೈದು ವರ್ಷದಲ್ಲಿ ಒಂದೇ ಒಂದು ಡಬ್ಬಿ. ಅಂದರೆ ಈ ಬಂದೂಕು ಹಾರಿದ್ದಕ್ಕಿಂತ ಹೆಚ್ಚಾಗಿ ಕಚೇರಿಗೂ ಠಾಣೆಗೂ ನಡೆದಾಡಿದ್ದೇ ಹೆಚ್ಚು. ಅವರಿಗೆ ಏನು ಹೇಳಿ ಕಳಿಸಿದೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಇದೇ ಪ್ರಶ್ನೆಯನ್ನು ನೂರು ವರ್ಷ ಹಿಂದಕ್ಕೆ ಒಯ್ಯಬೇಕು.

2. ಹೊಳೆಯ ನಡುವಿನ ಗಡಿ

ಅಮೆರಿಕಕ್ಕೆ ಬಂದೂಕು ಒಯ್ಯುವುದು ನಮಗೆ ದೂರದ ಮಾತು ಅನಿಸುತ್ತದೆ. ಆದರೆ ಒಂದು ಕಾಲದಲ್ಲಿ ರಾಣೆಬೆನ್ನೂರಿನವನು ಹರಿಹರಕ್ಕೆ ಬಂದೂಕು ಒಯ್ದರೂ, ಹಾವೇರಿಯವನು ಸವಣೂರಿಗೆ ಒಯ್ದರೂ, ಕಾನೂನಿನ ಕಣ್ಣಿನಲ್ಲಿ ಅದು ಪರರಾಜ್ಯಕ್ಕೆ ರಫ್ತು.

ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣಕ್ಕೆ ಎದುರಾಗಿ, ತುಂಗಭದ್ರೆಯ ಆಚೆ ದಡದಲ್ಲಿ ಹರಿಹರ. ನಡುವೆ 1868ರಲ್ಲಿ ಮುಗಿದ ಕಲ್ಲು ಕಮಾನುಗಳ ಹಳೆಯ ಸೇತುವೆ. ಈಚೆ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಅಂದರೆ ಬ್ರಿಟಿಷ್ ಇಂಡಿಯಾ. ಆಚೆ ದಡ ಮೈಸೂರು. 1831ರಿಂದ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. 1881ರಲ್ಲಿ ಅದನ್ನು ಒಡೆಯರಿಗೆ ಮರಳಿಸಿದ ಮೇಲೆ ಹೊಳೆಯ ನಡುವಿನ ಗೆರೆ ಇನ್ನಷ್ಟು ದಪ್ಪಗಾಯಿತು. ಭಾಷೆ ಒಂದೇ, ಬೀಗತನ ಆಚೀಚೆ, ಸಂತೆಯ ಎತ್ತುಗಳು ಎರಡೂ ದಡದವು. ಕಾನೂನು ಮಾತ್ರ ಎರಡು.

ವೈಸರಾಯ್ ಲಾರ್ಡ್ ಲಿಟ್ಟನ್ನನ ಕಾಲದ 1878ರ ಶಸ್ತ್ರ ಕಾಯ್ದೆಯ 6ನೇ ಕಲಮನ್ನು ಗಮನಿಸಿ. ಲೈಸನ್ಸ್ ಇಲ್ಲದೆ ಸಮುದ್ರದ ಮೂಲಕವಾಗಲಿ ನೆಲದ ಮೂಲಕವಾಗಲಿ ಬ್ರಿಟಿಷ್ ಇಂಡಿಯಾದ ಒಳಗೆ ಶಸ್ತ್ರ ತರುವಂತಿಲ್ಲ, ಹೊರಗೆ ಒಯ್ಯುವಂತಿಲ್ಲ. ನೆಲದ ಮೂಲಕ ಎಂಬ ಮಾತೇ ನಮ್ಮ ಸೀಮೆಗೆ ಮುಖ್ಯ. ಮುಂಬಯಿ ಬಂದರಿಗೆ ಹೋಗುವ ಕಾರಣವೇ ಇಲ್ಲದ ನಮ್ಮವರಿಗೆ ಸೇತುವೆಯೇ ಬಂದರು.

ಅದೇ ಕಲಮಿಗೆ ಒಂದು ಕಿಟಕಿಯನ್ನೂ ಇಟ್ಟಿದ್ದರು. ಕಾನೂನು ಪ್ರಕಾರ ಬಂದೂಕು ಹೊಂದಿರುವ ವ್ಯಕ್ತಿ, ತನ್ನ ಸ್ವಂತ ಬಳಕೆಗೆ, ತಕ್ಕಷ್ಟೇ ಪ್ರಮಾಣದಲ್ಲಿ ಒಯ್ದರೆ ತರಲೂ ಒಯ್ಯಲೂ ಅಡ್ಡಿಯಿಲ್ಲ. ಆದರೆ ಅಧಿಕಾರಿಗೆ ಸಂಶಯ ಬಂದರೆ ತಡೆದಿಟ್ಟುಕೊಂಡು ಮೇಲಿನವರ ಆದೇಶಕ್ಕೆ ಕಾಯಬಹುದು. ಈ ಕಿಟಕಿಯ ಮೂರು ಸರಳುಗಳನ್ನು ನೆನಪಿಡಿ: ಯಾರದು, ಎಷ್ಟು, ಯಾತಕ್ಕೆ. 1959ರ ಶಸ್ತ್ರ ಕಾಯ್ದೆಯ 10ನೇ ಕಲಮಿನಲ್ಲೂ ಇವೇ ಮೂರು ಪ್ರಶ್ನೆಗಳು ಹೆಚ್ಚು ಕಡಿಮೆ ಅದೇ ಮಾತಿನಲ್ಲಿ ಕೂತಿವೆ. ಸಾಮ್ರಾಜ್ಯ ಹೋಯಿತು, ಪ್ರಶ್ನೆಗಳು ಉಳಿದವು.

ಸವಣೂರಿನ ಕಥೆ ಇನ್ನೂ ಸ್ವಾರಸ್ಯದ್ದು. ಹಾವೇರಿಯಿಂದ ಒಂದು ದಿನದ ಬಂಡಿ ದಾರಿಯಲ್ಲಿ, ಸುಮಾರು 70 ಚದರ ಮೈಲಿಯ ನವಾಬರ ಸಂಸ್ಥಾನ. ಸುತ್ತಲೂ ಧಾರವಾಡ ಜಿಲ್ಲೆ, ನಡುವೆ ಅದೊಂದು ಬೇರೆ ರಾಜ್ಯ. ಸವಣೂರಿನ ಎಲೆಯ ಪೆಂಡಿ ಈ ಗಡಿಯನ್ನು ದಿನಾ ದಾಟುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಅದೇ ಬಂಡಿಯ ಹುಲ್ಲಿನಡಿ ಒಂದು ಬಂದೂಕು ಸಿಕ್ಕಿದ್ದರೆ, ಕಾಯ್ದೆಯ ಅಕ್ಷರದ ಪ್ರಕಾರ, ಅದು ಬ್ರಿಟಿಷ್ ಇಂಡಿಯಾದ ಹೊರಗೆ ಹೋಗುತ್ತಿದ್ದ ಶಸ್ತ್ರ. 1948ರಲ್ಲಿ ಸವಣೂರು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆಯೇ ಮೈಸೂರು ರಾಜ್ಯಕ್ಕೆ ಸೇರಿತು. ಎರಡು ಸಹಿಗಳಲ್ಲಿ ನಮ್ಮ ಎರಡು 'ಅಂತಾರಾಷ್ಟ್ರೀಯ' ಗಡಿಗಳು ಅಳಿಸಿಹೋದವು. ನಾವು ಏಕೀಕರಣವನ್ನು ಭಾಷೆಯ ದೃಷ್ಟಿಯಿಂದ, ಆಡಳಿತದ ದೃಷ್ಟಿಯಿಂದ ನೆನೆಯುತ್ತೇವೆ. ಬಂದೂಕಿನ ಲೈಸನ್ಸಿನ ದೃಷ್ಟಿಯಿಂದಲೂ ಒಮ್ಮೆ ನೆನೆಯಬೇಕು.

3. ಅಪನಂಬಿಕೆಯ ಕಾಯ್ದೆ

ಲೈಸನ್ಸ್ ಎಂದರೆ ನಂಬಿಕೆ ಎಂದೆ. ಅದು ಹುಟ್ಟಿದ್ದು ಮಾತ್ರ ಅಪನಂಬಿಕೆಯಲ್ಲಿ. ಇದನ್ನು ಮುಚ್ಚಿಟ್ಟು ಮಾತಾಡಿದರೆ ಅದು ಅರ್ಧ ಸತ್ಯವಾಗುತ್ತದೆ.

1857ರಲ್ಲಿ ಕಂಪನಿ ಸರ್ಕಾರ ಜನರ ಕೈಯ ಆಯುಧಗಳನ್ನು ನೋಂದಾಯಿಸಿ ಕಿತ್ತುಕೊಳ್ಳುವ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧ ಅಂದರೆ ಹೊಟ್ಟೆಪಾಡು, ಅದಕ್ಕಿಂತ ಹೆಚ್ಚಾಗಿ ಮರ್ಯಾದೆ. ಆ ವರ್ಷದ ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಆ ಬೇಡರಲ್ಲಿ ಜಡಗ, ಬಾಲರ ಹೆಸರು ಇವತ್ತಿಗೂ ಲಾವಣಿಗಾರರ ಬಾಯಲ್ಲಿದೆ. ಆ ಲಾವಣಿಯನ್ನು ಬರೆದಿಟ್ಟುಕೊಂಡು ಅಚ್ಚು ಹಾಕಿಸಿದವನೂ ಒಬ್ಬ ಬ್ರಿಟಿಷ್ ಅಧಿಕಾರಿಯೇ, ಜೆ.ಎಫ್. ಫ್ಲೀಟ್. ನಮ್ಮ ಸೀಮೆಯ ಶಾಲೆಗಳಲ್ಲಿ ಹಲಗಲಿಯ ಪಾಠ ಓದದ ಮಕ್ಕಳಿಲ್ಲ. ಅದು ಶಸ್ತ್ರ ಕಾಯ್ದೆಯ ಪಾಠವೂ ಹೌದು ಎಂದು ಮೇಷ್ಟ್ರುಗಳು ಒಂದು ಮಾತು ಸೇರಿಸಬೇಕು.

1878ರ ಕಾಯ್ದೆ ಬಂದ ವರ್ಷವೇ ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾಯ್ದೆಯೂ ಬಂತು. ಮುಂದೆ ಲಾರ್ಡ್ ರಿಪನ್ ಬಂದು ಪತ್ರಿಕೆಯ ಕಾಯ್ದೆಯನ್ನು ತೆಗೆದುಹಾಕಿದ. ಶಸ್ತ್ರ ಕಾಯ್ದೆಗೆ ಕೈ ಹಚ್ಚಲಿಲ್ಲ. ಅದು ಸ್ವಾತಂತ್ರ್ಯ ಬಂದು ಹದಿನೈದು ವರ್ಷವಾಗುವವರೆಗೂ ಬಾಳಿತು. ಮೊದಲಿಗೆ ಯುರೋಪಿಯನ್ನರಿಗೆ ಲೈಸನ್ಸೇ ಬೇಡವಾಗಿತ್ತು. ಒಂದೇ ಸೇತುವೆಯ ಮೇಲೆ ಒಬ್ಬ ಸಾಹೇಬನ ಬಂದೂಕು ಶಿಕಾರಿಯ ಸಾಮಾನು, ಒಬ್ಬ ಗೌಡನ ಬಂದೂಕು ಸಂಶಯದ ಸಾಮಾನು.

ಈ ಅಪನಂಬಿಕೆಗೆ ಒಂದು ದೊಡ್ಡ ಅಪವಾದ ಕನ್ನಡನಾಡಿನಲ್ಲೇ ಇದೆ, ಅದು ಕೊಡಗು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆಯುಧ ಕಾಯ್ದೆಯಿಂದ ಹೊರಗಿಟ್ಟ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇವತ್ತಿಗೂ ನಡೆದುಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಚಿತ್ರ ಪ್ರತಿ ಸೆಪ್ಟೆಂಬರಿನಲ್ಲಿ ಪತ್ರಿಕೆಯಲ್ಲಿ ನೋಡುತ್ತೀರಿ.

ನನ್ನ ವಿಷಯಕ್ಕೆ ಬೇಕಾದ ಸಂಗತಿ ಆ ವಿನಾಯಿತಿಯ ಸಣ್ಣ ಅಕ್ಷರದಲ್ಲಿದೆ. ಕೊಡವನೊಬ್ಬ ಕೊಡಗು ಬಿಟ್ಟು ಹೊರಗೆ ಪ್ರವಾಸ ಹೊರಟರೆ, ಹೊರಗೆ ನೆಲೆಸಿದರೆ, ಒಂದು ರೈಫಲ್ಲು, ಅದಕ್ಕೆ 100 ಗುಂಡು, ಒಂದು ನಯನಳಿಗೆಯ ಕೋವಿ, ಅದಕ್ಕೆ 500 ತೋಟೆ, ಇಷ್ಟಕ್ಕೇ ಮಿತಿ. ತಲೆತಲಾಂತರದ ನಂಬಿಕೆಗೂ ಜಿಲ್ಲೆಯ ಗಡಿಯಲ್ಲಿ ಒಂದು ಎಣಿಕೆ ಬಂದು ನಿಲ್ಲುತ್ತದೆ. ಊರಿನಲ್ಲಿ ಅವನು ಯಾರೆಂದು ಎಲ್ಲರಿಗೂ ಗೊತ್ತು. ಪಿರಿಯಾಪಟ್ಟಣ ದಾಟಿದರೆ ಗೊತ್ತಿಲ್ಲ.

ನಮ್ಮ ಕಡೆಗೆ ಬಂದರೆ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರನ್ನು ನೆನೆಯದೆ ಮುಂದೆ ಹೋಗಲಾಗದು. 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದವರು ಅವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಾತಿಗಳೊಂದಿಗೆ ಪೊಲೀಸರ ಗುಂಡಿಗೆ ಬಲಿಯಾದರು. ಹಲಗಲಿಯಿಂದ ಹೊಸರಿತ್ತಿಯವರೆಗೆ ನಮ್ಮ ಜನ ಬಂದೂಕನ್ನು ಕಂಡದ್ದು ಹೆಚ್ಚಾಗಿ ಅದರ ನಳಿಗೆಯ ಎದುರಿಗೆ ನಿಂತು. ಇದನ್ನು ಮರೆಯದೆ ಮುಂದಿನ ಕಾಯ್ದೆಗೆ ಬರೋಣ.

4. ಲೈಸನ್ಸಿನ ಎಲ್ಲೆಕಟ್ಟು

1959ರ ಕಾಯ್ದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಈಗಿನ ನಿಯಮಾವಳಿ 2016ರದು. ಅರ್ಜಿ ಬಂದಾಗ ಅಧಿಕಾರಿ ಹತ್ತಿರದ ಠಾಣೆಯ ವರದಿ ತರಿಸಿಕೊಳ್ಳಬೇಕು ಎಂಬುದು ಕಾಯ್ದೆಯಲ್ಲೇ ಇದೆ. ಈ ವರದಿ ಹೇಗೆ ತಯಾರಾಗುತ್ತದೆ ಎಂದು ಊರಲ್ಲಿ ಇರುವವರಿಗೆ ಗೊತ್ತು. ಪೇದೆ ಬರುತ್ತಾನೆ, ಚಹಾದ ಅಂಗಡಿಯಲ್ಲಿ ಕೂರುತ್ತಾನೆ, ಅಕ್ಕಪಕ್ಕದವರನ್ನು ಕೇಳುತ್ತಾನೆ. ಮನುಷ್ಯ ಹೆಂಗ? ಕುಡಿತೈತೇನು? ಹೊಲದ ವ್ಯಾಜ್ಯ ಏನರ ಐತೇನು? ಅಣ್ಣತಮ್ಮಂದಿರು ಮಾತಾಡ್ತಾರೇನು? ಆ ಚಹಾದ ಅಂಗಡಿಯ ಮಾತೇ ನಾಲ್ಕು ಮೇಜು ದಾಟಿ, ಇಂಗ್ಲಿಷಿನ ಷರಾ ಆಗಿ, ಕೊನೆಗೆ ಮೊಹರಾಗುತ್ತದೆ. ಅದಕ್ಕೇ ಲೈಸನ್ಸನ್ನು ಊರಿನ ನಂಬಿಕೆ ಅಂದದ್ದು.

ಈ ನಂಬಿಕೆಗೆ ಎಲ್ಲೆಕಟ್ಟು ಇರುತ್ತದೆ. ಲೈಸನ್ಸು ಯಾವ ಪ್ರದೇಶಕ್ಕೆ ನಡೆಯುತ್ತದೆ ಎಂದು ಅದರಲ್ಲೇ ಬರೆದಿರುತ್ತಾರೆ, ಜಿಲ್ಲೆಗೋ ರಾಜ್ಯಕ್ಕೋ ಇಡೀ ದೇಶಕ್ಕೋ. ನಮ್ಮ ರೈತರ ಬೆಳೆ ರಕ್ಷಣೆಯ ಲೈಸನ್ಸು ಎಲ್ಲಕ್ಕಿಂತ ಚಿಕ್ಕದು. ನಳಿಗೆಯ ಬಾಯಿಂದ ಮದ್ದು ತುಂಬಿ, ಗಜದಿಂದ ಜಡಿಯುವ ಬಂದೂಕು ಅದು. ಗೋವಿನಜೋಳದ ಹೊಲಕ್ಕೆ ಹಂದಿ ನುಗ್ಗಿದಾಗ ಸದ್ದು ಮಾಡಿ ಓಡಿಸಲಿಕ್ಕೆ ಕೊಟ್ಟದ್ದು. ಹೊಲ ಎಲ್ಲಿಯೋ ಅದರ ಜಗತ್ತೂ ಅಲ್ಲಿಗೇ. ಹರಿಹರದ ಬೀಗರ ತೋಟಕ್ಕೆ ಹಂದಿ ಬಂದಿದೆ ಅಂತ ಅದನ್ನು ಹೆಗಲಿಗೇರಿಸಿಕೊಂಡು ಸೇತುವೆ ದಾಟುವಂತಿಲ್ಲ. 1881ರಲ್ಲೂ ಇಲ್ಲ, ಇವತ್ತಿಗೂ ಇಲ್ಲ. ಸಂಸ್ಥಾನ ಹೋದರೂ ಹೊಳೆಯ ಗೆರೆ ಇವನ ಪುಸ್ತಕದಲ್ಲಿ ಉಳಿದಿದೆ.

ರಾಣೆಬೆನ್ನೂರಿನವರಿಗೆ ಇನ್ನೂ ಒಂದು ಗಡಿಯಿದೆ. 1974ರಲ್ಲಿ ಘೋಷಣೆಯಾದ ಕೃಷ್ಣಮೃಗ ಅಭಯಾರಣ್ಯ, 119 ಚದರ ಕಿಲೋಮೀಟರ್. ಒಂದು ಕಾಲಕ್ಕೆ ಎರೆಭೂತ ಹಕ್ಕಿಯೂ ಕಾಣುತ್ತಿದ್ದ ಕುರುಚಲು ಸೀಮೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ಅದರಿಂದ 10 ಕಿಲೋಮೀಟರ್ ಒಳಗೆ ವಾಸವಿರುವ ಲೈಸನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ಸುತ್ತಳತೆಯಲ್ಲಿ ಹೊಸ ಲೈಸನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಹಿಂಡು ಹಿಂಡು ಕೃಷ್ಣಮೃಗ ಹೊಲಕ್ಕೆ ಬಂದು ಮೊಳಕೆ ಮೇಯ್ದು ಹೋಗುತ್ತದೆ. ಅದಕ್ಕೆ ಯಾವ ಗಡಿಯೂ ಇಲ್ಲ. ಅದನ್ನು ನೋಡುತ್ತ ನಿಂತ ರೈತನ ಬಂದೂಕಿಗೆ ಮಾತ್ರ ಸುತ್ತ ಗಡಿ. ರೈತನ ಸಂಕಟ ನಿಜ. ಹಾಗೆಂದು ಕೃಷ್ಣಮೃಗ ಉಳಿದದ್ದೂ ಈ ಗಡಿಯಿಂದಲೇ. ಎರಡನ್ನೂ ಒಟ್ಟಿಗೆ ಹೇಳದೆ ಬೇರೆ ದಾರಿಯಿಲ್ಲ.

ಬ್ಯಾಡಗಿಯ ಮಾತು ಬೇರೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಪೇಟೆಯಲ್ಲಿ ರೊಕ್ಕ ಓಡಾಡುತ್ತದೆ, ಊರೂರಿನ ಖರೀದಿದಾರರು ಬರುತ್ತಾರೆ. ಇಂಥ ಪೇಟೆಗಳ ಬ್ಯಾಂಕಿನ ಬಾಗಿಲಲ್ಲಿ ಜೋಡಿ ನಳಿಗೆ ಹಿಡಿದು ನಿಂತ ಗಾರ್ಡನ್ನು ನೋಡಿರುತ್ತೀರಿ. ಬಹುಮಟ್ಟಿಗೆ ಮಾಜಿ ಸೈನಿಕರು. ಎಷ್ಟೋ ಸಲ ಬಂದೂಕು ಅವರದೇ, ಲೈಸನ್ಸು ಅವರ ಹುಟ್ಟೂರಿನ ಜಿಲ್ಲೆಯದು. ಕೆಲಸ ಸಿಕ್ಕಲ್ಲಿಗೆ ಬಂದೂಕಿನೊಂದಿಗೆ ವಲಸೆ ಹೋಗುವವರು ನಮ್ಮ ನಡುವೆ ಯಾರಾದರೂ ಇದ್ದರೆ ಇವರೇ. ಇವರಂಥವರಿಗಾಗಿಯೇ ಒಂದು ನಿಯಮವಿದೆ. ಲೈಸನ್ಸುದಾರ ಕಾಯಮ್ಮಾಗಿ, ಇಲ್ಲವೆ 30 ದಿನಕ್ಕಿಂತ ಹೆಚ್ಚು ಕಾಲ, ವಾಸ ಬದಲಿಸಿ ಬಂದೂಕನ್ನೂ ಜೊತೆಗೆ ಒಯ್ದರೆ, 30 ದಿನದೊಳಗೆ ಹೊಸ ಊರಿನ ಅಧಿಕಾರಿಗೂ ಲೈಸನ್ಸ್ ಕೊಟ್ಟ ಹಳೆಯ ಅಧಿಕಾರಿಗೂ ತಿಳಿಸಬೇಕು. ಲೈಸನ್ಸು ನಡೆಯುವ ಎಲ್ಲೆಯೊಳಗೆ ಹೊಸ ಊರು ಇರದಿದ್ದರೆ ಹೊರಡುವ ಮೊದಲೇ ಎಲ್ಲೆಯನ್ನು ವಿಸ್ತರಿಸಿಕೊಳ್ಳಬೇಕು. ಹಿಂದೆ ಈ ಪತ್ರಗಳು ಟಪ್ಪಾಲಿನಲ್ಲಿ ತಿಂಗಳುಗಟ್ಟಲೆ ಅಲೆಯುತ್ತಿದ್ದವು. ಈಗ ಪ್ರತಿ ಲೈಸನ್ಸುದಾರನಿಗೆ ದೇಶದ ದತ್ತಾಂಶ ಕೋಶದಲ್ಲಿ ಒಂದು ವಿಶಿಷ್ಟ ಸಂಖ್ಯೆಯಿದೆ. ಒಬ್ಬನ ಹೆಸರಲ್ಲಿ ಮೂರು ಬಂದೂಕಿಗೆ ಇದ್ದ ಅವಕಾಶವನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ನವೀಕರಣದ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು.

ಕೆಲವೊಮ್ಮೆ ಮನುಷ್ಯ ಕದಲುವುದಿಲ್ಲ, ಗಡಿಯೇ ಕದಲುತ್ತದೆ. 1997ರ ಆಗಸ್ಟ್ 24ರಂದು ಧಾರವಾಡ ಒಡೆದು ಹಾವೇರಿ ಜಿಲ್ಲೆಯಾಯಿತು. ಅದಾದ ಮೇಲೆ ಲೈಸನ್ಸ್ ನವೀಕರಣಕ್ಕೆ ಬಂದ ಒಬ್ಬರು ಪುಸ್ತಕ ಮುಂದಿಟ್ಟು ಕೇಳಿದ ಮಾತು ನನಗೆ ಇನ್ನೂ ನೆನಪಿದೆ: "ನಾವೇನ್ ಎಲ್ಲಿಗೂ ಹೋಗಿಲ್ರಿ. ನಮ್ಮ ಬಂದೂಕಿನ ಜಿಲ್ಲಾ ಹೆಂಗ ಬದಲಾತು?" ಅವರ ಅಜ್ಜ ಮುಂಬಯಿ ಪ್ರಾಂತದ ಲೈಸನ್ಸುದಾರ, ಅಪ್ಪ ಮೈಸೂರು ರಾಜ್ಯದವನು, ಇವರು ಧಾರವಾಡ ಜಿಲ್ಲೆಯವರು, ಈಗ ಹಾವೇರಿಯವರು. ಬಂದೂಕು ಅದೇ ಗೂಟದ ಮೇಲೆ ತೂಗುತ್ತಲೇ ಇತ್ತು.

5. ಕಡಲಾಚೆ

ಈಗ ಅಮೆರಿಕದ ಪ್ರಶ್ನೆಗೆ ಬರೋಣ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಿಂದ ಡಾಕ್ಟರಿಕೆಗೆ, ಕಂಪ್ಯೂಟರ್ ಕೆಲಸಕ್ಕೆ ಹೋದ ಮಕ್ಕಳು ಹೊರದೇಶಗಳಲ್ಲಿ ಮನೆ ಮಾಡಿದ್ದಾರೆ. ಇಲ್ಲಿಂದ ಒಯ್ಯುವ ಪ್ರಶ್ನೆ ಅಪರೂಪ. ಅಲ್ಲಿಂದ ತರುವ ಪ್ರಶ್ನೆ ಅಷ್ಟು ಅಪರೂಪವಲ್ಲ.

ಒಯ್ಯುವವನು ಎರಡು ಬಾಗಿಲು ತಟ್ಟಬೇಕು. ನಮ್ಮ ಕಾಯ್ದೆ ಹೊರಗೆ ಬಿಡಬೇಕು, ಅವರ ಕಾಯ್ದೆ ಒಳಗೆ ಬಿಡಬೇಕು. ಒಂದು ತೆರೆದ ಮಾತ್ರಕ್ಕೆ ಇನ್ನೊಂದು ತೆರೆಯುವುದಿಲ್ಲ. ಅಮೆರಿಕದಲ್ಲಿ ಅಂಗಡಿಯಲ್ಲಿ ಬಂದೂಕು ಸಿಗುತ್ತದಂತೆ, ಅಲ್ಲಿ ಯಾರು ಕೇಳುತ್ತಾರೆ ಎಂಬ ಮಾತು ನಮ್ಮಲ್ಲಿ ಓಡಾಡುತ್ತದೆ. ಎಚ್-1ಬಿ ಥರದ ತಾತ್ಕಾಲಿಕ ವೀಸಾದ ಮೇಲೆ ಹೋದವನು ಅಲ್ಲಿಯ ಕೇಂದ್ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತೆಯೇ ಇಲ್ಲ. ಬೇಟೆಯ ಲೈಸನ್ಸ್ ಪಡೆದವರಂಥ ಕೆಲವರಿಗಷ್ಟೇ ವಿನಾಯಿತಿ. ಗ್ರೀನ್ ಕಾರ್ಡ್ ಬಂದವನ ಮಾತು ಬೇರೆ. ಹೊರದೇಶದಿಂದ ಬಂದೂಕು ತರಲು ಅಲ್ಲಿಯ ಶಸ್ತ್ರ ಇಲಾಖೆಯ ಮುಂಗಡ ಅನುಮತಿ ಬೇಕು. ಕೆನಡಾದ ಗಡಿಯಲ್ಲಿ ಹೊರಗಿನವನು ಒಂದು ಘೋಷಣಾ ಪತ್ರ ತುಂಬಿ 25 ಡಾಲರ್ ಕೊಟ್ಟರೆ ಅದು 60 ದಿನದ ಲೈಸನ್ಸಿನಂತೆ ನಡೆಯುತ್ತದೆ. ಹಾಗೆಂದು ಎಲ್ಲ ಬಂದೂಕಿಗೂ ಅಲ್ಲ. 2022ರ ಅಕ್ಟೋಬರಿನಿಂದ ಆ ದೇಶ ಕೈಬಂದೂಕುಗಳ ಮಾರಾಟ, ವರ್ಗಾವಣೆಗಳನ್ನು ತಡೆಹಿಡಿದಿದೆ. ಯುರೋಪಿನ ಒಕ್ಕೂಟದವರು ತಮ್ಮೊಳಗೆ ಓಡಾಡುವ ಬೇಟೆಗಾರರಿಗೆ, ಗುರಿಗಾರರಿಗೆ ಬಂದೂಕಿನ ಪಾಸನ್ನೇ ಮಾಡಿದ್ದಾರೆ. ಮನುಷ್ಯನಿಗೆ ಪಾಸ್‌ಪೋರ್ಟ್ ಇದ್ದ ಹಾಗೆ. ಗಡಿಗಳನ್ನು ತೆಗೆದುಹಾಕಿದೆವು ಎಂದು ಹೇಳಿಕೊಳ್ಳುವ ದೇಶಗಳೂ ಬಂದೂಕಿಗೆ ಮಾತ್ರ ಒಂದು ಪುಸ್ತಕ ಇಟ್ಟುಕೊಂಡಿವೆ.

ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವ ಮಾತೇ ಇಲ್ಲ. ಗುಂಡು ತೆಗೆದು, ಬೀಗದ ಪೆಟ್ಟಿಗೆಯಲ್ಲಿಟ್ಟು, ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ, ವಿಮಾನ ಸಂಸ್ಥೆ ಒಪ್ಪಿದರೆ, ಕೆಳಗಿನ ಸಾಮಾನಿನ ಜೊತೆ ಹೋಗಬೇಕು. ಕಾಡತೂಸು ಬೇರೆ ಕಟ್ಟಿ, ಒಬ್ಬನಿಗೆ 5 ಕಿಲೋ ಮಿತಿಯಲ್ಲಿ. ದಾರಿಯ ನಡುವೆ ವಿಮಾನ ಬದಲಿಸುವ ದೇಶವೂ ಒಂದು ಗಡಿಯೇ ಎಂಬುದನ್ನು ಮರೆತು ಸಿಕ್ಕಿಬೀಳುವವರಿದ್ದಾರೆ. ಅಂತಾರಾಷ್ಟ್ರೀಯ ಸ್ಪರ್ಧೆಗೆ ಹೋಗುವ ನಮ್ಮ ಶೂಟಿಂಗ್ ಪಟುಗಳಿಗೆ ಇದೆಲ್ಲ ಕಂಠಪಾಠ. ಅವರ ಹಿಂದೆ ಫೆಡರೇಷನ್ನಿನ ಪತ್ರವಿರುತ್ತದೆ. ಒಬ್ಬಂಟಿ ಗೃಹಸ್ಥನ ಹಿಂದೆ ಅವನ ಲೈಸನ್ಸ್ ಬುಕ್ಕು ಮಾತ್ರ.

ತರುವವನ ಮಾತು. ಹೊರದೇಶದಲ್ಲಿ ನೆಲೆಸಿ, ವಾಸ ಬದಲಿಸಿ ತಾಯ್ನಾಡಿಗೆ ಮರಳುವವನಿಗೆ 2016ರ ಬ್ಯಾಗೇಜ್ ನಿಯಮಗಳ ಕಾಲದ ಕಸ್ಟಮ್ಸ್ ಮಾರ್ಗದರ್ಶಿ ಒಂದೇ ಒಂದು ಬಂದೂಕು ತರಲು ಬಿಡುತ್ತಿತ್ತು. ಅದರ ಷರತ್ತುಗಳನ್ನು ಕೇಳಿ. ಅದು ಅಲ್ಲಿ ಕನಿಷ್ಠ 1 ವರ್ಷ ಅವನ ಒಡೆತನದಲ್ಲಿ, ಅವನ ಬಳಕೆಯಲ್ಲಿ ಇದ್ದಿರಬೇಕು. ಇಲ್ಲಿಯ ಲೈಸನ್ಸು ಅವನ ಕೈಯಲ್ಲಿರಬೇಕು. ಸುಂಕ ಕಟ್ಟಬೇಕು. ಅವನು ಬದುಕಿರುವವರೆಗೆ ಅದನ್ನು ಮಾರುವಂತಿಲ್ಲ, ಎರವಲು ಕೊಡುವಂತಿಲ್ಲ, ದಾನವನ್ನೂ ಮಾಡುವಂತಿಲ್ಲ. ಕಾಡತೂಸು 50ಕ್ಕಿಂತ ಹೆಚ್ಚು ತರುವಂತಿಲ್ಲ. ಇದರಲ್ಲೂ ಅದೇ ಮೂರು ಸರಳುಗಳಿವೆ, ನೋಡಿ. ಯಾರದು? ಒಂದು ವರ್ಷದಿಂದ ನಿನ್ನದೇ ತಾನೆ? ಎಷ್ಟು? ಒಂದೇ ತಾನೆ? ಯಾತಕ್ಕೆ? ವ್ಯಾಪಾರಕ್ಕಲ್ಲ ತಾನೆ?

ಇನ್ನೊಂದು ತೊಡಕಿದೆ. ಅಮೆರಿಕದಲ್ಲಿ ಸಾಮಾನ್ಯವಾದ 9 ಎಂ.ಎಂ. ಪಿಸ್ತೂಲು ನಮ್ಮಲ್ಲಿ ನಿಷೇಧಿತ ಬೋರ್. ಸೈನ್ಯ, ಪೊಲೀಸರು ಬಳಸುವ ಗುಂಡಿನ ಅಳತೆ ಎಂಬ ಕಾರಣಕ್ಕೆ ಅದು ಸಾಮಾನ್ಯ ಲೈಸನ್ಸಿಗೆ ದಕ್ಕುವುದಿಲ್ಲ. ಅಲ್ಲಿ ತರಕಾರಿಯಷ್ಟು ಮಾಮೂಲಾದದ್ದು ಇಲ್ಲಿ ನಿಷಿದ್ಧ. ಅಂಥದನ್ನು ಅಲ್ಲೇ ಮಾರಿ ಬರುವುದೊಂದೇ ದಾರಿ. ನಿಯಮಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಯಾರೋ ಹತ್ತು ವರ್ಷದ ಹಿಂದೆ ತಂದಿದ್ದರು ಎಂಬ ಮಾತನ್ನು ನಂಬದೆ, ಹೊರಡುವ ಮೊದಲು ಅವತ್ತಿನ ನಿಯಮ ಕೇಳಿಕೊಳ್ಳಬೇಕು.

6. ಮತ್ತೆ ಜಮಖಾನಕ್ಕೆ

ಆ ಹಿರಿಯರನ್ನು ನಿಲ್ಲಿಸಿಯೇ ಇಷ್ಟೆಲ್ಲ ಮಾತಾಡಿದೆ. ಅವರನ್ನು ಕೂರಿಸಿ, ನೀರು ಕೊಟ್ಟು, ಒಯ್ಯುವುದು ಆಗದ ಮಾತು ಎಂದು ತಿಳಿಸಿ ಹೇಳಿದೆ. ಅವರಿಗೆ ಅರ್ಥವಾಗದ್ದು ಒಂದೇ.

"ನಲವತ್ತು ವರ್ಷ ಇಟಗೊಂಡೇನ್ರಿ. ಒಂದ ದಿನ ತಪ್ಪು ಮಾಡಿಲ್ಲ. ಬುಕ್ಕಿನ್ಯಾಗ ಬರದೈತಿ. ಅದನ್ನ ಅವರು ಓದಂಗಿಲ್ಲೇನು?"

ಈ ಪ್ರಶ್ನೆಗೆ ಕಾಯ್ದೆ ಪುಸ್ತಕದಲ್ಲಿ ಉತ್ತರವಿಲ್ಲ. ನಲವತ್ತು ವರ್ಷದ ಆ ಸಹಿಗಳನ್ನು ಅಮೆರಿಕದ ಅಧಿಕಾರಿ ಓದಲಾರ. ಓದಿದರೂ ಅವು ಅವನಿಗೆ ಏನನ್ನೂ ಹೇಳವು. ಆ ಚಹಾದ ಅಂಗಡಿ ಅಲ್ಲಿಲ್ಲ, ಇವರು ಕುಡಿಯುವುದಿಲ್ಲ ಎಂದು ಹೇಳುವ ಪಕ್ಕದ ಮನೆಯವನು ಅಲ್ಲಿಲ್ಲ.

ಊರು ಬಿಡುವವನ ಬಂದೂಕಿಗೆ ಇರುವ ದಾರಿಗಳನ್ನು ಅವರಿಗೆ ವಿವರಿಸಿದೆ. ಹತ್ತಿರದ ಠಾಣೆಯಲ್ಲಿ ಇಲ್ಲವೆ ಲೈಸನ್ಸ್ ಪಡೆದ ಬಂದೂಕು ವ್ಯಾಪಾರಿಯಲ್ಲಿ ಠೇವಣಿ ಇಡಬಹುದು. ಲೈಸನ್ಸು ಇದ್ದವನಿಗೆ ಕಾಯ್ದೆಯ ಕ್ರಮದಲ್ಲಿ ಮಾರಬಹುದು. ಇಲ್ಲವೆ ವಾರಸುದಾರನಿಗೆ ಕೊಡಬಹುದು. 2016ರ ನಿಯಮದಲ್ಲಿ ಇದಕ್ಕೊಂದು ಒಳ್ಳೆಯ ಅವಕಾಶವಿದೆ. ಲೈಸನ್ಸುದಾರ ಸಾಯುವವರೆಗೆ ಕಾಯಬೇಕಿಲ್ಲ. ಅವನಿಗೆ 70 ವರ್ಷ ತುಂಬಿದ್ದರೆ, ಅಥವಾ ಬಂದೂಕು ಅವನ ಬಳಿ 25 ವರ್ಷ ಇದ್ದಿದ್ದರೆ, ತಾನು ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಮಾಡಿಸಬಹುದು. ಆದರೆ ಮಗನಿಗೂ ಹೊಸ ಅರ್ಜಿ, ಹೊಸ ವರದಿ. ಅಪ್ಪನ ಬಂದೂಕು ಆಸ್ತಿಯಾಗಿ ಬರುತ್ತದೆ, ಅಪ್ಪನ ಮೇಲಿದ್ದ ನಂಬಿಕೆ ಆಸ್ತಿಯಾಗಿ ಬರುವುದಿಲ್ಲ.

ಊರಲ್ಲಿದ್ದ ಹಿರಿಮಗ ಅರ್ಜಿ ಹಾಕಿದ. ಪೇದೆ ಬಂದ, ಅದೇ ಚಹಾದ ಅಂಗಡಿಯಲ್ಲಿ ಕೂತ, ಅವೇ ಪ್ರಶ್ನೆ ಕೇಳಿದ. ಲೈಸನ್ಸು ಬರುವವರೆಗೆ ಬಂದೂಕು ಠೇವಣಿಯಲ್ಲಿತ್ತು. ಹಿರಿಯರು ವಿಮಾನ ಹತ್ತುವ ಮುಂಚೆ ಕಚೇರಿಗೆ ಮತ್ತೊಮ್ಮೆ ಬಂದು, ತಮ್ಮ ಹಳೆಯ ಪುಸ್ತಕವನ್ನು ಒಪ್ಪಿಸಿ ರಸೀದಿ ಪಡೆದರು. ಜಮಖಾನ ಮಾತ್ರ ಮಡಚಿ ಹೆಗಲ ಮೇಲೆ ಹಾಕಿಕೊಂಡಿದ್ದರು. "ಇದನ್ನ ಒಯ್ಯಾಕ ಯಾರ್ದೂ ಪರವಾನಗಿ ಬ್ಯಾಡಲ್ಲರಿ?" ಎಂದು ಕೇಳಿದರು. ಈ ಸಲ ಅವರೂ ನಕ್ಕರು.

ಮೊದಲ ಬಂದೂಕು ಕಾಯ್ದೆಗಳು ನಮ್ಮನ್ನು ನಂಬದವರು ಮಾಡಿದವು. ಈಗಿನದು ನಾವೇ ಮಾಡಿಕೊಂಡದ್ದು, ಒಬ್ಬರನ್ನೊಬ್ಬರು ನಂಬಲು ಎಷ್ಟು ಗೊತ್ತಿರಬೇಕು ಎಂದು ಗೆರೆ ಎಳೆದುಕೊಂಡದ್ದು. ಗೆರೆ ಎಲ್ಲೋ ಬಿಗಿ, ಎಲ್ಲೋ ಸಡಿಲ, ರೈತನ ಮಟ್ಟಿಗೆ ಕೆಲವು ಕಡೆ ಅನ್ಯಾಯವೂ ಹೌದು. ಅದನ್ನು ತಿದ್ದಲು ಕೇಳೋಣ. ಆದರೆ ಬಂದೂಕನ್ನು ಒನಕೆ, ಟ್ರಂಕುಗಳ ಸಾಲಿಗೆ ಸೇರಿಸಿ ಎಂದು ಕೇಳುವುದು ಬೇಡ.

ಇಲ್ಲಿಂದ ಇವತ್ತು ಸಂಜೆ ಕೆಲವರು ಹರಿಹರದ ಬಸ್ಸು ಹತ್ತುತ್ತೀರಿ. ಕುಮಾರಪಟ್ಟಣ ದಾಟಿ ಬಸ್ಸು ಹೊಳೆಯ ಮೇಲೆ ಬಂದಾಗ ಯಾರೂ ನಿಮ್ಮ ಚೀಲ ಬಿಚ್ಚಿ ನೋಡುವುದಿಲ್ಲ. ಕಂಡಕ್ಟರ್ ಕೂಡ ತಲೆ ಎತ್ತುವುದಿಲ್ಲ. ಕಿಟಕಿಯಿಂದ ಒಮ್ಮೆ ನೀರಿನ ನಡುಭಾಗ ನೋಡಿ. ನಮ್ಮ ಸೀಮೆಯ ಬೆಳೆ ಕಾಯುವ ಬಂದೂಕಿನ ಲೈಸನ್ಸು ಇವತ್ತಿಗೂ ಅದನ್ನು ದಾಟುವುದಿಲ್ಲ.